ರೆಫರೆನ್ಸ್ ಕೇಳಿದರೆ ಯಾರ ಹೆಸರು ಕೊಡಬೇಕು? – ಕಲಬುರಗಿ ಉದ್ಯೋಗ ಗುಂಪಿನ ಪ್ರಶ್ನೋತ್ತರ

ಸದಸ್ಯೆ, ಕಲಬುರಗಿ: ಮೇಡಂ, ಇಲ್ಲಿನ ದಾಲ್‌ಮಿಲ್ ಒಂದರಲ್ಲಿ 4 ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದೆ. ಮಾಲೀಕರು ತೀರಿಕೊಂಡ ಬಳಿಕ ಮಿಲ್ ಮುಚ್ಚಿತು, ಅನುಭವ ಪತ್ರವೂ ಸಿಗಲಿಲ್ಲ. ಈಗ ಹೈದರಾಬಾದಿನ ಕಂಪನಿಯೊಂದು ಇಬ್ಬರ ರೆಫರೆನ್ಸ್, ಅಂದರೆ ನನ್ನ ಕೆಲಸ ಬಲ್ಲ ಇಬ್ಬರ ಹೆಸರು ಮತ್ತು ನಂಬರ್ ಕೇಳಿದೆ. ಸೋದರಮಾವನನ್ನೇ ಮ್ಯಾನೇಜರ್ ಎಂದು ಬರೆಯಲು ಮನೆಯಲ್ಲಿ ಹೇಳುತ್ತಿದ್ದಾರೆ.

ಎಚ್‌ಆರ್ ಅಧಿಕಾರಿ: ದಯವಿಟ್ಟು ಹಾಗೆ ಬರೆಯಬೇಡಿ. ಪರಿಶೀಲನೆಗೆ ಕರೆ ಮಾಡುವವರು ನೀವು ಯಾವಾಗ ಸೇರಿದಿರಿ, ಯಾವ ಕೆಲಸ ನಿಮ್ಮ ಕೈಯಲ್ಲಿತ್ತು, ಏಕೆ ಬಿಟ್ಟಿರಿ ಎಂದು ಒಂದೊಂದಾಗಿ ಕೇಳುತ್ತಾರೆ. ಮಿಲ್ಲಿನೊಳಗೆ ಕಾಲಿಡದವರು ಎರಡನೆಯ ಪ್ರಶ್ನೆಗೇ ತಡವರಿಸುತ್ತಾರೆ. ವರ್ಷವರ್ಷವೂ ನಿಮ್ಮ ಲೆಕ್ಕ ತಪಾಸಣೆ ಮಾಡಿದ ಆಡಿಟರ್ ಇದ್ದಾರಲ್ಲ, ಅವರಿಗಿಂತ ಒಳ್ಳೆಯ ಸಾಕ್ಷಿ ನಿಮಗೆ ಸಿಗಲಾರದು. ಎರಡನೆಯವರಾಗಿ ಮಿಲ್ಲಿನ ಮುನೀಮರನ್ನೋ, ತೊಗರಿ ಬಿಲ್ಲುಗಳಿಗಾಗಿ ನಿಮ್ಮೊಡನೆ ವ್ಯವಹರಿಸುತ್ತಿದ್ದ ಎಪಿಎಂಸಿಯ ಅಡತ್ (ದಲ್ಲಾಳಿ) ಅಂಗಡಿಯವರನ್ನೋ ಕೇಳಿ. ನಂಬರ್ ಕೊಡುವ ಮುನ್ನ ಒಪ್ಪಿಗೆ ಪಡೆದು, ಯಾವ ಹುದ್ದೆಗೆ ಅರ್ಜಿ ಹಾಕಿದ್ದೀರಿ ಎಂಬುದನ್ನೂ ತಿಳಿಸಿರಿ. ಪಿಎಫ್ ಕಟ್ಟಿದ್ದರೆ ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಖಾತೆಯ ಸೇವಾ ವಿವರವನ್ನು, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟನ್ನು ಲಗತ್ತಿಸಿ, ಮಿಲ್ ಮುಚ್ಚಿದ ಸಂಗತಿಯನ್ನು ಅರ್ಜಿಯಲ್ಲೇ ಬರೆಯಿರಿ. ಇಷ್ಟು ವರ್ಷದ ಪ್ರಾಮಾಣಿಕ ದುಡಿಮೆಯನ್ನು ಒಂದು ಸುಳ್ಳು ಹೆಸರಿಗಾಗಿ ಪಣಕ್ಕಿಡಬೇಡಿ.

ಸದಸ್ಯ, ಸೇಡಂ: ನಾನು ಕೆಲಸ ಬಿಟ್ಟ ದಿನಾಂಕವನ್ನು ಗುತ್ತಿಗೆದಾರರು ಪಿಎಫ್ ದಾಖಲೆಯಲ್ಲಿ ಹಾಕಿಲ್ಲ.

ಅಧಿಕಾರಿ: ಕೊನೆಯ ವಂತಿಗೆಯಾಗಿ 2 ತಿಂಗಳು ಕಳೆದಿದ್ದರೆ ಯುಎಎನ್ ಪೋರ್ಟಲಿನಲ್ಲಿ ನೀವೇ ಹಾಕಬಹುದು.

ಸದಸ್ಯ, ಯಾದಗಿರಿ: ಅನುಭವ ಪತ್ರ ಇಲ್ಲದವರು ಈ ನಂಬರಿಗೆ ಹಣ ಕಳಿಸಿದರೆ ಯಾವ ಕಂಪನಿಯ ಪತ್ರ ಬೇಕಾದರೂ ಕೊಡುತ್ತಾರಂತೆ. ಬಂದ ಸಂದೇಶವನ್ನು ಹಾಗೆಯೇ ಹಾಕಿದ್ದೇನೆ.

ಅಧಿಕಾರಿ: ಇಂಥ ಸಂದೇಶ ಹಾಕಬೇಡಿರೆಂದು ಎಷ್ಟು ಸಲ ಹೇಳಬೇಕು? ಖೋಟಾ ದಾಖಲೆಯನ್ನು ನಿಜವೆಂದು ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 340ನೇ ಸೆಕ್ಷನ್ನಿನಡಿ ಅಪರಾಧ. ಮಾರಿದವನು ಫೋನ್ ಬಂದ್ ಮಾಡುತ್ತಾನೆ. ಕೆಲಸ ಕಳೆದುಕೊಳ್ಳುವವರು ನೀವು.

ಸದಸ್ಯ, ಚಿತ್ತಾಪುರ: ಈಗಿನ ಮಾಲೀಕರಿಗೆ ತಿಳಿಯದಂತೆ ಬೇರೆ ಕೆಲಸ ಹುಡುಕುತ್ತಿದ್ದೇನೆ. ಅವರ ನಂಬರ್ ಕೊಡಲೇಬೇಕೇ?

ಸದಸ್ಯ, ಆಳಂದ: ಇವೆಲ್ಲ ಪುಸ್ತಕದ ಮಾತು. ನಮ್ಮ ಭಾಗದಲ್ಲಿ ಶಾಸಕರ ಪತ್ರವಿದ್ದರೆ ಮಾತ್ರ ಕೆಲಸ.

ಸದಸ್ಯೆ, ಬೀದರ್: ಅದಕ್ಕೆ ವಶೀಲಿ ಎನ್ನುತ್ತಾರೆ. ನಿಮ್ಮ ಕೆಲಸವನ್ನೇ ನೋಡದ ಶಾಸಕರು ಏನೆಂದು ಸಾಕ್ಷಿ ಹೇಳಬಲ್ಲರು?

ಸದಸ್ಯ, ಆಳಂದ: ಸಂಬಳ ಬರುತ್ತಿರುವವರಿಗೆ ಉಪದೇಶ ಸುಲಭ.

ಸದಸ್ಯೆ, ಬೀದರ್: ನನ್ನ ಸಂಬಳದ ವಿಷಯ ನಿಮಗೆ ಬೇಡ. ಪ್ರಶ್ನೆಗೆ ಉತ್ತರ ಕೊಡಿ.

ಅಧಿಕಾರಿ: ಇಬ್ಬರೂ ಈ ವಾದವನ್ನು ಬೇರೆಡೆ ಮುಂದುವರಿಸಿ.

ಸದಸ್ಯ, ಅಫಜಲಪುರ: ಮೇಡಂ, ಅನುಭವ ಪತ್ರ ಇಲ್ಲದಿದ್ದರೆ ಏನು ಮಾಡಬೇಕು?

ಅಧಿಕಾರಿ: ಮೊದಲ ಉತ್ತರವನ್ನು ಓದಿರಿ.