ಅಪ್‌ಡೇಟ್: ಟಿವಿ ಪೈಪಿನ ಮೂಲಕವೇ ಕ್ಯಾಟ್ 6 ಕೇಬಲ್
ನೆಲಮಹಡಿಯ ರೌಟರ್‌ನಿಂದ ಮೇಲಿನ ಓದುಕೋಣೆಗೆ, ಗೋಡೆ ಒಡೆಯದೆ ನೆಟ್‌ವರ್ಕ್ ಕೇಬಲ್ ಒಯ್ಯುವುದು ಹೇಗೆಂದು ಇಲ್ಲಿ ನಿಮ್ಮೆಲ್ಲರನ್ನು ಕೇಳಿದ್ದೆ. ಈಗ ಆ ಕೆಲಸ ಪೂರ್ಣಗೊಂಡಿದೆ. ವಿದ್ಯುತ್ ತಂತಿಗಳಿರುವ ಪೈಪನ್ನು ಬಳಸಬಾರದೆಂಬ ನಿಮ್ಮ ಎಚ್ಚರಿಕೆಯನ್ನು ಪಾಲಿಸಿ, ಬಳಕೆಯಲ್ಲಿಲ್ಲದ ಟಿವಿ ಕೇಬಲ್ಲಿನ ತುದಿಗೆ ನೈಲಾನ್ ಹಗ್ಗ ಕಟ್ಟಿ ಎಳೆದು, ಅದೇ ಹಗ್ಗದಿಂದ ಕ್ಯಾಟ್ 6 ಎಂಬ ಬಗೆಯ ನೆಟ್‌ವರ್ಕ್ ಕೇಬಲನ್ನು ಟಿವಿ ಕೇಬಲ್ಲಿದ್ದ ಪೈಪಿನೊಳಗೆ ತಂದೆವು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ತಂತಿಯನ್ನು ಬಿಟ್ಟು ಶುದ್ಧ ತಾಮ್ರದ್ದನ್ನೇ ಕೇಳಿ ಪಡೆದೆ. ಗೋಡೆಯೊಳಗೆ ಹೋಗುವ ವಸ್ತುವಿನಲ್ಲಿ ಉಳಿತಾಯ ನೋಡುವುದು ನನಗೆ ಸರಿಯೆನಿಸಲಿಲ್ಲ. ಮೊದಲಿಗೆ ವೇಗ 100 ಎಂಬಿಪಿಎಸ್‌ಗೇ ನಿಂತಿತ್ತು. ಗಿಗಾಬಿಟ್ ಸಂಪರ್ಕಕ್ಕೆ (ಅಂದರೆ 1 ಜಿಬಿಪಿಎಸ್, 1,000 ಎಂಬಿಪಿಎಸ್) ಕೇಬಲ್ಲಿನೊಳಗಿನ ನಾಲ್ಕೂ ಜೋಡಿ ತಂತಿಗಳು ಬೇಕಾಗುವುದರಿಂದ ಸಾಕೆಟ್ ಬಿಚ್ಚಿ ನೋಡಿದೆವು. ಕಂದು ಜೋಡಿಯ ಒಂದು ತಂತಿ ಸಡಿಲವಾಗಿತ್ತು. ಅದನ್ನು ಒತ್ತಿ ಕೂರಿಸಿದ ಮೇಲೆ 1 ಜಿಬಿಪಿಎಸ್ ಸಂಪರ್ಕ ಸ್ಥಿರವಾಗಿ ದೊರೆಯುತ್ತಿದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.