ಪಾಲಿಕೆ ಖರ್ಚಿಗೆ ಕಡಿವಾಣ ಹಾಕಬೇಕಾದರೆ ಮೊದಲು ಯಾವ ಕಡತ ಕೇಳಬೇಕು?

ಬಸವನಗುಡಿ_ತೆರಿಗೆದಾರ:

ಪಾಲಿಕೆಗೆ ದುಡ್ಡು ಸುರಿದಷ್ಟೂ ಸೋರಿಕೆ ಜಾಸ್ತಿ ಅನ್ನುವವರ ಪಂಗಡ ನಂದು, ಮೊದಲೇ ಹೇಳಿಬಿಡ್ತೀನಿ. ಬಿಬಿಎಂಪಿ (ಬೆಂಗಳೂರಿನ ಹಿಂದಿನ ಮಹಾನಗರ ಪಾಲಿಕೆ) ಬಜೆಟ್ 2024-25ರಲ್ಲಿ ಸುಮಾರು 12,300 ಕೋಟಿ ಇತ್ತು, 2025-26ಕ್ಕೆ 19,900 ಕೋಟಿ ದಾಟಿತು. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೇ ಕಸದ ಬಳಕೆದಾರರ ಶುಲ್ಕವೂ ಬಂತು. 1,000ದಿಂದ 2,000 ಚದರಡಿ ಕಟ್ಟಡದ ಮನೆಗೆ ತಿಂಗಳಿಗೆ 100 ರೂಪಾಯಿ, ಅಂದರೆ ವರ್ಷಕ್ಕೆ 1,200. ಕಸದ ಸೆಸ್ ಅದಕ್ಕೂ ಮುಂಚಿನಿಂದ ಇದ್ದದ್ದೇ. ಈಗ ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಕೆಳಗೆ ಐದು ಪಾಲಿಕೆ, ಐದು ಕಮಿಷನರ್ ಕಚೇರಿ.

ನಿವಾಸಿಗಳ ಸಂಘದಿಂದ ಒಂದು ಮನವಿ ಕೊಡಬೇಕು ಅಂತಿದೀವಿ. "ದುಂದುವೆಚ್ಚ ನಿಲ್ಲಿಸಿ" ಅಂತ ಬರೆದರೆ ಯಾರೂ ಓದಲ್ಲ. ಯಾವ ಖರ್ಚನ್ನು, ಯಾವ ದಾಖಲೆ ಹಿಡಿದು ಕೇಳಬೇಕು? ಡಾಂಬರು ಹಾಕಿ ಎರಡು ವರ್ಷವೂ ಆಗದ ರಸ್ತೆಗೆ ವೈಟ್ ಟಾಪಿಂಗ್ (ಡಾಂಬರಿನ ಮೇಲೆ ಕಾಂಕ್ರೀಟ್ ಪದರ) ಪ್ರಸ್ತಾವ ಬಂದರೆ ಅಲ್ಲಿಂದಲೇ ಶುರು ಮಾಡಬಹುದಾ?

ಎಂಬಿ_ಓದುಗ:

ಸರ್, ಬಜೆಟ್ ಗಾತ್ರದ ತಂಟೆಗೆ ಹೋಗಬೇಡಿ. ಆ ಏರಿಕೆಯ ದೊಡ್ಡ ಪಾಲು ರಾಜ್ಯದ್ದು. ಬೆಂಗಳೂರಿನ ವಾರ್ಷಿಕ ಅನುದಾನವನ್ನು 3,000 ಕೋಟಿಯಿಂದ 7,000 ಕೋಟಿಗೆ ಏರಿಸಿದ್ದು ರಾಜ್ಯ ಬಜೆಟ್. ಆ ಜಗಳ ವಿಧಾನಸೌಧದಲ್ಲಿ ಆಡಬೇಕಾದ್ದು. ನಿಮ್ಮ ಕೈಗೆ ಸಿಗೋದು ಒಂದೊಂದು ಕಾಮಗಾರಿಯ ಬಿಲ್ಲು.

ಪ್ರತಿ ಕಾಮಗಾರಿಗೂ ಒಂದು ಜಾಬ್ ಕೋಡ್, ಅಂದರೆ ಗುರುತಿನ ಸಂಖ್ಯೆ, ಇರುತ್ತೆ, ಅದನ್ನು ಹಿಡಿದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಐದು ರಸ್ತೆ ಸೇರಿಸಿ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತೆ. "ಯಾಕೆ ಹೀಗೆ ಮಾಡಿದಿರಿ" ಅಂತಲೂ ಕೇಳಬೇಡಿ, ಅದಕ್ಕೆ ಉತ್ತರ ಕೊಡುವ ಹಂಗು ಅವರಿಗಿಲ್ಲ. ನಾಲ್ಕು ಕಾಗದದ ನಕಲು ಕೇಳಿ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ (ಬಿಬಿಎಂಪಿ ಕಾಲದ ಕೆಲಸ ಆಗಿದ್ದರೆ ಟಿವಿಸಿಸಿ, ಅಂದರೆ ಕಮಿಷನರ್ ಕೆಳಗಿನ ತಾಂತ್ರಿಕ ಜಾಗೃತ ಕೋಶದ ವರದಿ ಅಂತ ಬರೀರಿ). 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿಗೆ ಇನ್ನೊಂದು 30 ದಿನ ಇರುತ್ತೆ. ಆ ಗಡುವನ್ನು ಬಿಡಬೇಡಿ.

ಅಳತೆ ಪುಸ್ತಕ, ಅಂದರೆ ಆದ ಕೆಲಸದ ಅಳತೆ ಬರೆದಿಡುವ ಎಂಬಿ, ಸಿಕ್ಕ ಮೇಲೆ ಲೆಕ್ಕ ಸುಲಭ. 500 ಮೀಟರ್ ಉದ್ದ, 7 ಮೀಟರ್ ಅಗಲದ ರಸ್ತೆಗೆ 40 ಮಿ.ಮೀ. ಮೇಲ್ಪದರ ಅಂದುಕೊಳ್ಳಿ. 3,500 ಚದರ ಮೀಟರ್, 140 ಘನ ಮೀಟರ್, ತೂಕದಲ್ಲಿ ಹತ್ತಿರ ಹತ್ತಿರ 330 ಟನ್. ಅಷ್ಟು ಮಾಲಿಗೆ ವೇಬ್ರಿಡ್ಜ್ ಚೀಟಿಗಳು ಇರಲೇಬೇಕು. ಪದರ 30 ಮಿ.ಮೀ.ಗೆ ಇಳಿದರೆ 245 ಟನ್‌ನಲ್ಲೇ ಕೆಲಸ ಮುಗಿಯುತ್ತೆ, ಕಾಲು ಭಾಗ ಮಾಲು ಉಳಿಯಿತು. ಹತ್ತು ಮಿಲಿಮೀಟರ್ ವ್ಯತ್ಯಾಸ ರಸ್ತೆ ಮೇಲೆ ನಿಂತರೆ ಕಣ್ಣಿಗೆ ಕಾಣಲ್ಲ. ಕೋರ್ (ರಸ್ತೆ ಕೊರೆದು ತೆಗೆಯುವ ಮಾದರಿ ತುಂಡು) ತೆಗೆದು ಸ್ಕೇಲ್ ಇಟ್ಟಾಗಷ್ಟೇ ಗೊತ್ತಾಗೋದು. ಹಾಗಾಗಿ ಕೋರ್ ಎಲ್ಲೆಲ್ಲಿ ತೆಗೆದರು, ದಪ್ಪ ಎಷ್ಟು ಬಂತು ಅನ್ನೋದು ವರದಿಯಲ್ಲಿದೆಯಾ ನೋಡಿ. ಚೀಟಿಗಳ ಒಟ್ಟು ತೂಕಕ್ಕೂ ಎಂಬಿ ಲೆಕ್ಕಕ್ಕೂ ತಾಳೆ ಆಗದಿದ್ದರೆ ನಿಮ್ಮ ಮನವಿಯ ಮೊದಲ ಪ್ಯಾರಾ ಅಲ್ಲೇ ಸಿಕ್ಕಿತು.

ಇನ್ನೊಂದು ಶಾಖದ ವಿಷಯ. ವಿಜಿ-30 ದರ್ಜೆಯ ಬಿಟುಮೆನ್ (ಡಾಂಬರು) ಮಿಶ್ರಣ ಹಾಸುವಾಗ ಕನಿಷ್ಠ 140 ಡಿಗ್ರಿ ಇರಬೇಕು, 90ಕ್ಕೆ ಇಳಿಯುವ ಮೊದಲು ರೋಲಿಂಗ್ ಮುಗಿಯಬೇಕು. ಪ್ಲಾಂಟ್ ಊರಾಚೆ, ಟಿಪ್ಪರ್ ಮೇಲೆ ಟಾರ್ಪಾಲ್ ಇಲ್ಲ, ದಾರಿಯಲ್ಲಿ ಟ್ರಾಫಿಕ್: ಮಾಲು ತಣ್ಣಗಾಗಿ ಬರುತ್ತೆ. ರೋಲರ್ ಎಷ್ಟು ಸಲ ಓಡಿದರೂ ಕೂರಲ್ಲ, ಒಳಗೆ ಗಾಳಿ ಉಳಿಯುತ್ತೆ, ನೀರು ಇಳಿಯುತ್ತೆ, ಮೊದಲ ಮಳೆಗಾಲಕ್ಕೇ ಜಲ್ಲಿ ಏಳುತ್ತೆ. ಆಮೇಲೆ ಗುಂಡಿ ಮುಚ್ಚೋಕೆ ಬೇರೆ ಜಾಬ್ ಕೋಡ್. ಒಂದೇ ರಸ್ತೆಗೆ ಎರಡು ಸಲ ದುಡ್ಡು ಹೋಗೋದು ಹೀಗೆ.

ತುಂಡುಗುತ್ತಿಗೆ_ಬೇಡ:

ವೈಟ್ ಟಾಪಿಂಗ್ ಬಗ್ಗೆ. ಎರಡು ವರ್ಷದ ಡಾಂಬರು ಅಂದರೆ ದೋಷ ಹೊಣೆಗಾರಿಕೆ ಅವಧಿ ಇನ್ನೂ ಮುಗಿದಿರಲಿಕ್ಕಿಲ್ಲ. ಸಾಮಾನ್ಯವಾಗಿ 2 ಅಥವಾ 3 ವರ್ಷ, ಒಪ್ಪಂದದಲ್ಲಿ ನೋಡಿ. ಆ ಅವಧಿಯಲ್ಲಿ ರಸ್ತೆ ಕೆಟ್ಟರೆ ರಿಪೇರಿ ಗುತ್ತಿಗೆದಾರನ ಖರ್ಚಿನಲ್ಲಿ ಆಗಬೇಕು. ಮೇಲೆ ಕಾಂಕ್ರೀಟ್ ಹಾಕಿದ ದಿನವೇ ಆ ಹೊಣೆ ಮುಗೀತು, ಕುರುಹೂ ಮುಚ್ಚಿಹೋಯ್ತು. ಗುತ್ತಿಗೆದಾರ "ಜಲಮಂಡಳಿಯವರು ಅಗೆದರು, ನನ್ನ ಹೊಣೆಯಲ್ಲ" ಅನ್ನಬಹುದು. ಹಾಗಂದರೆ ರಸ್ತೆ ಅಗೆತದ ಅನುಮತಿ ಪತ್ರ, ಅಗೆದ ಉದ್ದ, ಕಟ್ಟಿಸಿಕೊಂಡ ಶುಲ್ಕ ಕೇಳಿ. ಅಗೆದದ್ದು 20 ಮೀಟರ್ ಆದರೆ ಉಳಿದ 480 ಮೀಟರಿನ ಹೊಣೆ ಎಲ್ಲಿ ಹೋಯ್ತು?

ಕಾಂಕ್ರೀಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಭಾರಿ ವಾಹನ ಓಡುವ ಮುಖ್ಯರಸ್ತೆಗೆ ಅದು ಮಿತವ್ಯಯವೇ. ಮನೆ ಮುಂದಿನ ಅಡ್ಡರಸ್ತೆಗೆ ಲೆಕ್ಕ ಕೂಡುವುದಿಲ್ಲ. ಕೆಳಗೆ ಹಳೆ ಒಳಚರಂಡಿ ಪೈಪ್ ಒಡೆದರೆ ಡಾಂಬರಿನ ಹಾಗೆ ಅಗೆದು ತೇಪೆ ಹಾಕಲು ಬರುವುದಿಲ್ಲ. ಕಟರ್‌ನಲ್ಲಿ ಕೊಯ್ದು ಇಡೀ ಪ್ಯಾನೆಲ್ ತೆಗೆಯಬೇಕು, ಹೊಸದು ಹಾಕಬೇಕು, ಕ್ಯೂರಿಂಗಿಗೆ ಎರಡು ವಾರ. 150ರಿಂದ 200 ಮಿ.ಮೀ. ಪದರ, ಹಳೆ ಡಾಂಬರು ಕೆರೆಯದೆ ಹಾಕಿದರೆ ರಸ್ತೆ ಅಷ್ಟೂ ಏರುತ್ತದೆ, ಮಳೆನೀರು ಗೇಟಿನೊಳಗೆ ಬರುತ್ತದೆ. ಪೈಪ್ ಬದಲಿಸುವ ಅಗತ್ಯವಿಲ್ಲ ಎಂಬ ಜಲಮಂಡಳಿಯ ಪತ್ರ, ಕೇಬಲ್ ದಾಟಿಸಲು ಅಡ್ಡ ಡಕ್ಟ್‌ಗಳ ನಕ್ಷೆ, ಚರಂಡಿಯ ಮಟ್ಟ. ಈ ಮೂರೂ ಕಡತದಲ್ಲಿ ಇಲ್ಲದಿದ್ದರೆ ಪ್ರಸ್ತಾವ ವಾಪಸ್ ಹೋಗಲಿ ಎಂದು ಬರೆಯಿರಿ.

ಒಂದೇ ರಸ್ತೆಯನ್ನು ನಾಲ್ಕು ಅಂದಾಜು ಪಟ್ಟಿಯಾಗಿ ಮುರಿದಿದ್ದಾರಾ ಅಂತಲೂ ನೋಡಿ. ಅದೇ ತುಂಡು ಗುತ್ತಿಗೆ: ದೊಡ್ಡ ಟೆಂಡರ್ ತಪ್ಪಿಸಲು ಕೆಲಸವನ್ನು ಚೂರು ಮಾಡುವುದು. ಟೆಂಡರೇ ಇಲ್ಲದೆ ಸರ್ಕಾರಿ ಸಂಸ್ಥೆಗೆ ಕೊಟ್ಟಿದ್ದರೆ 1999ರ ಪಾರದರ್ಶಕತೆ ಕಾಯ್ದೆಯ (ಸರ್ಕಾರಿ ಟೆಂಡರ್‌ಗಳ ಕಾಯ್ದೆ) 4(ಜಿ) ವಿನಾಯಿತಿ ಪಡೆದಿರಬೇಕು. ಆ ಅಧಿಸೂಚನೆಯ ಸಂಖ್ಯೆ ಕೇಳಿ.

ಮಲ್ಲೇಶ್ವರ_ಲೆಕ್ಕ:

ಬಸವನಗುಡಿಯವರೇ, ಕಸದ ಶುಲ್ಕದ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪಲ್ಲ. ಬಳಸಿದವನು ಕಟ್ಟಲಿ ಅನ್ನೋದು ನಮ್ಮ ಪಂಗಡದ ಮಾತೇ ಅಲ್ವಾ? ತಕರಾರು ಇರಬೇಕಾದ್ದು ಬೇರೆ ಕಡೆ. ಶುಲ್ಕ ನಿಂತಿರೋದು ಕಸದ ತೂಕದ ಮೇಲಲ್ಲ, ಚದರಡಿ ಮೇಲೆ. ಇಬ್ಬರಿರುವ ಮನೆಗೂ ಎಂಟು ಜನರ ಮನೆಗೂ ಅದೇ ರೇಟು, ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಿದವರಿಗೂ ಅದೇ. ಹಾಗಾದರೆ ಅದು ಶುಲ್ಕದ ವೇಷದ ತೆರಿಗೆ. ಸೆಸ್ ಅಥವಾ ಶುಲ್ಕ, ಎರಡರಲ್ಲಿ ಒಂದು ಇರಲಿ ಅಂತ ಕೇಳಿ, ಸಮರ್ಥಿಸಿಕೊಳ್ಳೋದು ಸುಲಭ.

ಐದು ಪಾಲಿಕೆ ಅಂದ ಕೂಡಲೇ ದುಂದು ಅನ್ನಬೇಡಿ. ಬಿಬಿಎಂಪಿಯಲ್ಲೂ ಎಂಟು ವಲಯ ಇದ್ದವು, ಒಂದೊಂದಕ್ಕೂ ಮೇಲಧಿಕಾರಿ, ಸಿಬ್ಬಂದಿ ಇದ್ದರು. ಆಗಿನ ಮಂಜೂರಾದ ಹುದ್ದೆ ಎಷ್ಟು, ಈಗಿನದು ಎಷ್ಟು, ಆ ಪಟ್ಟಿ ತೆಗೆಸಿ ಆಮೇಲೆ ಮಾತಾಡಿ.

ಬಸವನಗುಡಿ_ತೆರಿಗೆದಾರ:

ಕಸದ ವಿಷಯ ಒಪ್ಪಿದೆ ಸರ್, ಮನವಿ ತಿದ್ದುತ್ತೇನೆ. ಬಾಕಿ ಬಿಲ್ಲುಗಳ ಬಗ್ಗೆ ಏನಾದರೂ ಸೇರಿಸಬೇಕಾ? ಅದು ಗುತ್ತಿಗೆದಾರರ ತಲೆನೋವು ಅಂತ ಬಿಟ್ಟಿದ್ದೆ.

ಎಂಬಿ_ಓದುಗ:

ಬಿಡಬೇಡಿ, ಅದು ನಿಮ್ಮ ಜೇಬಿನದೇ. ಬಿಲ್ಲಿನ ದುಡ್ಡು ಬರೋಕೆ ಎರಡು ವರ್ಷ ಆಗುತ್ತೆ ಅಂತ ಗೊತ್ತಿರುವ ಗುತ್ತಿಗೆದಾರ ಆ ಎರಡು ವರ್ಷದ ಬಡ್ಡಿಯನ್ನು ಟೆಂಡರ್ ದರದಲ್ಲೇ ಸೇರಿಸಿರುತ್ತಾನೆ. ಇಲ್ಲದಿದ್ದರೆ ಮಾಲಿನಲ್ಲಿ ಕಡಿಮೆ ಮಾಡುತ್ತಾನೆ, ಮೇಲೆ ಹೇಳಿದ 30 ಮಿ.ಮೀ. ನೆನಪಿಸಿಕೊಳ್ಳಿ. ಸಾಲ ಮಾಡೋಕೆ ಶಕ್ತಿ ಇರುವವರಷ್ಟೇ ಟೆಂಡರ್ ಹಾಕೋದರಿಂದ ಪೈಪೋಟಿಯೂ ಕಡಿಮೆ. ಹೊಸ ಕೆಲಸ ನಿಲ್ಲಿಸಿ ಹಳೆ ಬಿಲ್ಲನ್ನು ಸರದಿ ಪ್ರಕಾರ ತೀರಿಸಿದರೆ ಮುಂದಿನ ಟೆಂಡರ್ ದರವೇ ಇಳಿಯುತ್ತೆ.

ಬಜೆಟ್ ಪುಸ್ತಕದಲ್ಲಿ ಮುಂದಿನ ವರ್ಷದ ಅಂದಾಜು ನೋಡಬೇಡಿ, ಹಿಂದಿನ ವರ್ಷದ ವಾಸ್ತವಿಕ ಅಂತ ಇರುವ ಕಾಲಂ ನೋಡಿ. 2024-25ರಲ್ಲಿ ಆಸ್ತಿ ತೆರಿಗೆಯ ಗುರಿ 5,200 ಕೋಟಿ ಆಸುಪಾಸು, ಬಂದದ್ದು 4,900 ಚಿಲ್ಲರೆ. ಕಾಮಗಾರಿ ಮಂಜೂರಾಗೋದು ಗುರಿ ನೋಡಿ, ಬಿಲ್ಲು ಪಾಸಾಗೋದು ಬಂದದ್ದನ್ನು ನೋಡಿ. ಬಾಕಿ ಹುಟ್ಟೋದು ಆ ಸಂದಿನಲ್ಲಿ.

ಮನವಿಯಲ್ಲಿ ಹೀಗೆ ಬರೀರಿ: "ವಿಭಾಗದ ಬಾಕಿ ಬಿಲ್ಲು ಮತ್ತು ನಡೆಯುತ್ತಿರುವ ಕಾಮಗಾರಿಗಳ ಉಳಿಕೆ ಮೊತ್ತ ಸೇರಿ ಹಿಂದಿನ ವರ್ಷದ ವಾಸ್ತವಿಕ ಬಂಡವಾಳ ವೆಚ್ಚವನ್ನು ಮೀರಿದ್ದರೆ ಹೊಸ ಜಾಬ್ ಕೋಡ್ ನೀಡಬಾರದು. ಒಳಚರಂಡಿ, ಮಳೆನೀರು ಕಾಲುವೆಯ ತುರ್ತು ಕೆಲಸಗಳಿಗೆ ಮಾತ್ರ ವಿನಾಯಿತಿ."

ತುಂಡುಗುತ್ತಿಗೆ_ಬೇಡ:

ಇದಕ್ಕೆ ಉದಾಹರಣೆ ಬೇಕಾದರೆ ಈಜಿಪುರ ಮೇಲ್ಸೇತುವೆ ಹಾಕಿ. 2017ರಲ್ಲಿ ಶುರುವಾದ ಎರಡೂವರೆ ಕಿಲೋಮೀಟರ್ ಕೆಲಸ, ಮೊದಲ ಗುತ್ತಿಗೆ ರದ್ದಾಗಿ ಕಂಬಗಳು ವರ್ಷಗಟ್ಟಲೆ ಹಾಗೇ ನಿಂತಿದ್ದವು. ಕೈಹಾಕಿದ್ದನ್ನು ಮುಗಿಸದೆ ಸುರಂಗ ರಸ್ತೆಯ ಮಾತು ಯಾಕೆ ಅಂತ ಕೇಳುವ ಹಕ್ಕು ತೆರಿಗೆ ಕಟ್ಟುವವನಿಗೆ ಇದ್ದೇ ಇದೆ.

ಮನವಿ ಒಂದೇ ಹಾಳೆ ಇರಲಿ, ಜಾಬ್ ಕೋಡ್ ವಿಷಯದ ಸಾಲಿನಲ್ಲೇ ಬರಲಿ. ಸಾಹೇಬರ ಕೈಗೆ ಕೊಟ್ಟು ಬರಬೇಡಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ.