ಸಾಕ್ಷ್ಯಚಿತ್ರ, ಪಾಠ, ಬರವಣಿಗೆ: ಮೂರನ್ನೂ ಒಟ್ಟಿಗೆ ನಡೆಸಿದವರು ಇದ್ದೀರಾ?

ಹಿನ್ನೀರಿನ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು. ಶಂಕರಘಟ್ಟದಲ್ಲಿ ಪತ್ರಿಕೋದ್ಯಮ ಎಂ.ಎ. ಮುಗಿಸಿ ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ನಮ್ಮಜ್ಜಿ ಹುಟ್ಟಿದ ಊರು ಶರಾವತಿ ಹಿನ್ನೀರಿನಲ್ಲಿ ಮುಳುಗಿದೆ. ಅಜ್ಜಿ ಮತ್ತು ಅವರ ಓರಗೆಯವರ ಮಾತನ್ನು ಎರಡು ವರ್ಷದಿಂದ ಕ್ಯಾಮೆರಾದಲ್ಲಿ ಹಿಡಿಯುತ್ತಾ ಬಂದಿದ್ದೇನೆ. 2025ರಲ್ಲಿ ಹಿನ್ನೀರಿನಾಚೆಯ ಕಳಸವಳ್ಳಿಗೆ ಸೇತುವೆ ಆಯ್ತಲ್ಲ, ಅದಕ್ಕೂ ಮೊದಲು ಲಾಂಚಿನಲ್ಲಿ ಓಡಾಡಿ ತೆಗೆದ ದೃಶ್ಯಗಳೂ ಇವೆ. ಪತ್ರಿಕೆಗಳಿಗೆ ಆಗಾಗ ಬರೆಯುತ್ತೇನೆ. ಸಾಕ್ಷ್ಯಚಿತ್ರವನ್ನೇ ಬದುಕು ಮಾಡಿಕೊಳ್ಳಬೇಕು ಅಂತ ಆಸೆ. ಆದರೆ ಪಾಠ ಬಿಟ್ಟರೆ ಮನೆ ನಡೆಯೋದಿಲ್ಲ, ಪಾಠ ಹಿಡಿದರೆ ಚಿತ್ರ ಮುಗಿಯೋದಿಲ್ಲ. ಯಾವುದಾದರೂ ಒಂದನ್ನು ಹಿಡಿ ಅಂತ ಅಪ್ಪ ದಿನಾ ಹೇಳುತ್ತಾರೆ. ಈ ದಾರಿಯಲ್ಲಿ ನಡೆದವರು ಇದ್ದರೆ ದಯವಿಟ್ಟು ಹೇಳಿ.

ಕಾನುಮನೆ:
ತಮ್ಮಾ, ನಾನು ತೀರ್ಥಹಳ್ಳಿ ಕಡೆಯವನು, ಇಪ್ಪತ್ತು ವರ್ಷದಿಂದ ಈ ಮೂರನ್ನೂ ಮಾಡುತ್ತಿದ್ದೇನೆ. ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮನೆ ನಡೆದದ್ದು ಪಾಠದ ಸಂಬಳದಲ್ಲಿ. ಚಿತ್ರದಿಂದ ಬಂದದ್ದು ಮುಂದಿನ ಚಿತ್ರಕ್ಕೇ ಹೋಯಿತು.

ಬರವಣಿಗೆಯಲ್ಲಿ ದುಡ್ಡು ಕಡಿಮೆ, ಆದರೆ ನನ್ನ ಚಿತ್ರಗಳು ನಿಂತಿರುವುದೇ ಅದರ ಮೇಲೆ. ಶೂಟಿಂಗ್ ಮುಗಿಸಿ ಬಂದ ರಾತ್ರಿಯೇ, ಎಷ್ಟೇ ಸುಸ್ತಾಗಿದ್ದರೂ, ಎರಡು ಪುಟ ಬರೆಯುತ್ತೇನೆ: ಯಾರು ಏನು ಹೇಳಿದರು, ಎಲ್ಲಿ ಸುಮ್ಮನಾದರು, ಕ್ಯಾಮೆರಾ ಆಫ್ ಮಾಡಿದ ಮೇಲೆ ಕಾಫಿ ಕುಡಿಯುತ್ತಾ ಯಾವ ಮಾತು ತೆಗೆದರು. ನಲವತ್ತು ಗಂಟೆ ಫುಟೇಜ್ ಮುಂದಿಟ್ಟುಕೊಂಡು ಎಡಿಟಿಂಗ್‌ಗೆ ಕೂತಾಗ ಕೈ ಹಿಡಿಯೋದು ಆ ನೋಟ್‌ಬುಕ್ಕೇ. ಅದರಿಂದಲೇ ಲೇಖನವೂ ಹುಟ್ಟುತ್ತದೆ. ಒಮ್ಮೆ ಲೇಖನ ಓದಿದವರೊಬ್ಬರು ಫೋನ್ ಮಾಡಿ, ನಮ್ಮ ದೊಡ್ಡಪ್ಪ ಬರೆದ ಹಳೇ ಪತ್ರಗಳು ಅಟ್ಟದ ಮೇಲಿವೆ ಬನ್ನಿ ಅಂದರು. ಆ ಪತ್ರಗಳಿಂದ ಚಿತ್ರದ ಅರ್ಧ ಭಾಗವೇ ಬದಲಾಯಿತು.

ಪಾಠವೂ ಹಾಗೆ. ಕತ್ತರಿಸದ ಹತ್ತು ನಿಮಿಷದ ತುಣುಕನ್ನು ಕ್ಲಾಸಿನಲ್ಲಿ ತೋರಿಸಿ. ಹುಡುಗರು ಎಲ್ಲಿ ಮೊಬೈಲ್ ತೆಗೆಯುತ್ತಾರೆ, ಎಲ್ಲಿ ತಲೆ ಎತ್ತುತ್ತಾರೆ ನೋಡಿಕೊಳ್ಳಿ. ಇನ್ನು ಸಮಯದ ಮಾತು. ಶರಾವತಿಗೆ ಕಟ್ಟಿದ್ದ 1948ರ ಹಿರೇಭಾಸ್ಕರ ಅಣೆಕಟ್ಟು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಮುಳುಗಿತಲ್ಲ, ಅದು ಮತ್ತೆ ತಲೆ ಎತ್ತುವುದು ನೀರು ತೀರಾ ಇಳಿದ ಬೇಸಿಗೆಯಲ್ಲಿ, ಅಂದರೆ ನಿಮ್ಮ ರಜೆಯ ಹೊತ್ತಿಗೆ. ಆಗ ಶೂಟ್ ಮಾಡಿ, ಮಳೆಗಾಲದಲ್ಲಿ ಎಡಿಟ್ ಮಾಡಿ.

ತುಂಗೆಯ ದಡ:
ಕಾನುಮನೆ ಸರ್ ಹೇಳಿದ್ದು ಚೆನ್ನಾಗಿದೆ, ಆದರೆ ಅದು ಕಾಯಂ ಕೆಲಸ ಇರುವವರ ಲೆಕ್ಕ ಅಲ್ವಾ? ನಾನು ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಶೂಟಿಂಗ್‌ಗೆ ಬಿಡುವು ಸಿಗುವ ಬೇಸಿಗೆ ತಿಂಗಳುಗಳಲ್ಲೇ ನನಗೆ ಸಂಬಳ ಇರಲಿಲ್ಲ. ಪಾಠವನ್ನೇ ಆಸರೆ ಮಾಡಿಕೊಳ್ಳೋದಾದರೆ ಅಧ್ಯಾಪಕರ ಅರ್ಹತಾ ಪರೀಕ್ಷೆ, ಅಂದರೆ ನೆಟ್ ಅಥವಾ ಕೆ-ಸೆಟ್, ಮೊದಲು ಮುಗಿಸಿ, ಮುಂದೂಡಬೇಡಿ.

ಇನ್ನೊಂದು, ಇದು ನನಗೆ ಇವತ್ತಿಗೂ ನೋವಿರುವ ವಿಷಯ. ಒಂದು ಸಂಸ್ಥೆಗೆ ಚಿತ್ರ ಮಾಡಿಕೊಟ್ಟೆ, ಒಪ್ಪಂದವನ್ನು ಸರಿಯಾಗಿ ಓದದೆ ಸಹಿ ಹಾಕಿದೆ. ನಮ್ಮ ಕಾಪಿರೈಟ್ ಕಾನೂನಿನಲ್ಲಿ ಸಿನಿಮಾದ ಮೊದಲ ಹಕ್ಕು ನಿರ್ಮಾಪಕರದ್ದು, ನಿರ್ದೇಶಕರದ್ದಲ್ಲ. ಆ ಹಕ್ಕು 60 ವರ್ಷ ಇರುತ್ತದೆ. ನಾನೇ ತೆಗೆದ ಹೆಂಗಸರ ಮಾತುಗಳನ್ನು ಅವರದೇ ಊರಿನಲ್ಲಿ ತೋರಿಸೋಣ ಅಂದರೆ ಸಂಸ್ಥೆಯವರು ಒಪ್ಪಲಿಲ್ಲ. ಆ ಹೆಂಗಸರಲ್ಲಿ ಇಬ್ಬರು ಈಗ ಇಲ್ಲ. ಯಾರಾದರೂ ದುಡ್ಡು ಹಾಕುತ್ತೇವೆ ಅಂತ ಬಂದರೆ, ಅಜ್ಜಿಯ ಫುಟೇಜ್ ನಿಮ್ಮ ಹತ್ತಿರವೇ ಉಳಿಯಬೇಕು, ಊರಲ್ಲಿ ತೋರಿಸಲು, ಪಾಠಕ್ಕೆ, ಬರವಣಿಗೆಗೆ ಬಳಸಲು ನಿಮಗೆ ಹಕ್ಕಿರಬೇಕು ಅಂತ ಬರೆಸಿಕೊಳ್ಳಿ.

ಹೆಗ್ಗೋಡಿನ ದಾರಿ:
ಎಲ್ಲರೂ ಮಾಡುವವರ ಬಗ್ಗೆ ಹೇಳಿದ್ದೀರಿ, ನೋಡುವವರ ಬಗ್ಗೆ ನಾನೊಂದು ಮಾತು ಸೇರಿಸುತ್ತೇನೆ. ನಮ್ಮ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿತು, ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಸತ್ಯಜಿತ್ ರೇ, ಜಪಾನಿನ ಕುರೊಸಾವಾ ಅವರ ಚಿತ್ರ ನೋಡಿ ಚರ್ಚೆ ಮಾಡಿದರು. ಈ ಸೀಮೆಯಲ್ಲಿ ಗಂಭೀರ ಚಿತ್ರ ನೋಡುವವರಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಸಾರ್ವಜನಿಕ ಪ್ರದರ್ಶನಕ್ಕೆ ಸಾಕ್ಷ್ಯಚಿತ್ರಕ್ಕೂ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಅದರ ಖರ್ಚು, ಓಡಾಟವನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಹಾಗೇ ಜೂನ್ ಬರುವ ಮೊದಲು ಲೆನ್ಸುಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಸೇರಿಸಿ. ಒಂದು ಮಳೆಗಾಲ ಬ್ಯಾಗಿನಲ್ಲೇ ಬಿಟ್ಟು ಎರಡು ಲೆನ್ಸಿಗೆ ಬೂಷ್ಟು ಹಿಡಿಸಿಕೊಂಡವನು ನಾನು.

ಹಿನ್ನೀರಿನ ಹುಡುಗ:
ತುಂಬಾ ಥ್ಯಾಂಕ್ಸ್. ಕೆ-ಸೆಟ್‌ಗೆ ಓದಲು ಶುರು ಮಾಡುತ್ತೇನೆ. ತುಂಗೆಯ ದಡ ಮೇಡಂ, ಇಬ್ಬರು ಈಗ ಇಲ್ಲ ಅಂದಿರಲ್ಲ, ಅದನ್ನು ಓದಿ ಮನಸ್ಸಿಗೆ ಕಷ್ಟವಾಯಿತು. ನಮ್ಮಜ್ಜಿಗೆ ಎಂಬತ್ತೆರಡು. ಲಾಂಚಿನ ದೃಶ್ಯಗಳನ್ನು ಅವರಿಗೆ ಇನ್ನೂ ತೋರಿಸಿಲ್ಲ, ಪೂರ್ತಿ ಆಗಲಿ ಅಂತ ಕಾಯುತ್ತಿದ್ದೆ. ಈ ಭಾನುವಾರವೇ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗುತ್ತೇನೆ.

ಕಾನುಮನೆ:
ಹೋಗು ತಮ್ಮಾ. ಅವರು ನೋಡುವಾಗ ರೆಕಾರ್ಡರ್ ಆನ್ ಇರಲಿ.